ಮಳೆಗಾಲದಲ್ಲಿ ಗ್ಯಾರೇಜ್ ಒಣಗಿರಲು ಯಾವುದು ಒಳ್ಳೆಯದು: ಹೀಟರ್, ಬಲ್ಬ್, ಫ್ಯಾನ್ ಅಥವಾ ಡಿಹ್ಯೂಮಿಡಿಫೈಯರ್?

ನಮ್ಮ ಉಡುಪಿ, ಮಂಗಳೂರು ಕಡೆ ಗ್ಯಾರೇಜಿಗೆ ಹೀಟರ್ ತರುವ ಯೋಚನೆ ಬರುವುದು ಚಳಿಗಾಲದಲ್ಲಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲೂ ಇಲ್ಲಿ 20 ಡಿಗ್ರಿ ಆಸುಪಾಸು ಇರುತ್ತದೆ, ಒಂದು ಶಾಲು ಹೊದ್ದರೆ ಸಾಕು. ಯೋಚನೆ ಬರುವುದು ಜುಲೈ, ಆಗಸ್ಟ್ ನಡುವಿನ ಆಟಿ ತಿಂಗಳಲ್ಲಿ. ವಾರಗಟ್ಟಲೆ ಬಿಡದೆ ಮಳೆ ಸುರಿಯುವಾಗ ಹೆಲ್ಮೆಟ್ಟಿನ ಒಳಗೆ ಬೂಷ್ಟು ಬರುತ್ತದೆ, ಡ್ರಿಲ್ ಬಿಟ್ಟುಗಳಿಗೆ ತುಕ್ಕು ಹಿಡಿಯುತ್ತದೆ, ಅರ್ಧ ಉಳಿದ ಸಿಮೆಂಟ್ ಚೀಲ ಕಲ್ಲಾಗುತ್ತದೆ, ಮೂಲೆಯಲ್ಲಿ ಇಟ್ಟ ಮದ್ದಳೆಯ ಚರ್ಮ ಸಡಿಲಾಗಿ ಸ್ವರವೇ ಹೊರಡುವುದಿಲ್ಲ. ಆಗ ಮನೆಯವರೆಲ್ಲ ಹೇಳುವುದು ಒಂದೇ, "ಒಂದು ಹೀಟರ್ ತಂದು ಇಡಿ ಮಾರಾಯ್ರೆ."

ತರುವ ಮೊದಲು ಇದನ್ನು ಓದಿ. ಇಲ್ಲಿ ಎಲ್ಲರಿಗೂ ಸರಿಹೋಗುವ ಒಂದೇ ಉತ್ತರ ಇಲ್ಲ. ಆದರೆ ಉತ್ತರ ಯಾವುದರ ಮೇಲೆ ನಿಂತಿದೆ ಎಂದು ನಾನು ಖಂಡಿತವಾಗಿ ಹೇಳಬಲ್ಲೆ: ನಿಮ್ಮ ಕೋಣೆಯನ್ನು ಎಷ್ಟು ಗಟ್ಟಿಯಾಗಿ ಮುಚ್ಚಲು ಬರುತ್ತದೆ ಎನ್ನುವುದರ ಮೇಲೆ. ಯಂತ್ರದ ಬೆಲೆ, ಕಂಪನಿ, ವ್ಯಾಟ್ ಎಲ್ಲ ಆಮೇಲಿನ ಮಾತು.

ಮೊದಲು ಸ್ವಲ್ಪ ಲೆಕ್ಕ

ಜುಲೈಯಲ್ಲಿ ಹೊರಗೆ 26 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 90 ಎಂದು ಹಿಡಿಯೋಣ, ನಮ್ಮಲ್ಲಿ ಅದು ತೀರಾ ಮಾಮೂಲಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಗ್ಯಾರೇಜಿನ ಗಾಳಿಯಲ್ಲಿ ಆಗ ಸುಮಾರು ಮುಕ್ಕಾಲು ಲೀಟರ್ ನೀರು ಆವಿಯಾಗಿ ನಿಂತಿರುತ್ತದೆ. ತೇವಾಂಶವನ್ನು 60ಕ್ಕೆ ಇಳಿಸಬೇಕಾದರೆ ಅದರಲ್ಲಿ ಕಾಲು ಲೀಟರ್ ತೆಗೆಯಬೇಕು. ಕಾಲು ಲೀಟರ್ ತಾನೇ, ಏನು ಮಹಾ ಅನಿಸಬಹುದು. ಆದರೆ ಶಟರಿನ ಸಂದಿಯಿಂದ, ಕಿಂಡಿಗಳಿಂದ ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುತ್ತಿದ್ದರೆ ಪ್ರತಿ ಗಂಟೆಗೂ ಮತ್ತೆ ಕಾಲು ಲೀಟರ್ ಒಳಗೆ ಬರುತ್ತದೆ, ಅಂದರೆ ದಿನಕ್ಕೆ 6 ಲೀಟರ್. ಅದೇ ಸಂದಿಗಳನ್ನು ಮುಚ್ಚಿ ಮೂರು ಗಂಟೆಗೊಮ್ಮೆ ಬದಲಾಗುವ ಹಾಗೆ ಮಾಡಿದರೆ ಬರೀ 2 ಲೀಟರ್. ನಾಲ್ಕೈದು ನೂರು ರೂಪಾಯಿಯ ರಬ್ಬರ್ ಪಟ್ಟಿ ಮಾಡುವ ಕೆಲಸ ಇದು.

60 ಯಾಕೆ ಅಂದರೆ, 70ರ ಮೇಲೆ ಹೋದ ಹಾಗೆ ಬೂಷ್ಟು ಬೆಳೆಯಲು ಅನುಕೂಲ, 60ರ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗವೂ ಜಾಸ್ತಿ. ಮಲ್ಪೆ, ಸುರತ್ಕಲ್, ಉಳ್ಳಾಲದ ಹಾಗೆ ಕಡಲು ಹತ್ತಿರ ಇದ್ದವರಿಗೆ ಇನ್ನೊಂದು ತೊಂದರೆ ಇದೆ. ಗಾಳಿಯಲ್ಲಿ ಬಂದ ಉಪ್ಪು ಲೋಹದ ಮೇಲೆ ತೆಳುವಾಗಿ ಕೂತಿರುತ್ತದೆ. ಉಪ್ಪು ತೇವಾಂಶ 75 ದಾಟಿದರೆ ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ, ಅಡುಗೆ ಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರಾಗುವುದು ಇದರಿಂದಲೇ. ಅದೇ ನೀರು ನಿಮ್ಮ ಬೈಕಿನ ನಟ್ಟು ಬೋಲ್ಟಿನ ಮೇಲೆ ನಿಂತರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾ?

ಹಾಗಾಗಿ ಯಾವುದೇ ಯಂತ್ರಕ್ಕೆ ಮೊದಲು ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ತನ್ನಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ್ದು ಸರಿಯಾಗಿ ತೋರಿಸುತ್ತದಾ ಎಂಬ ಸಂಶಯ ಇದ್ದರೆ ನೋಡಲು ಸುಲಭದ ದಾರಿ ಇದೆ. ಒಂದು ಮುಚ್ಚಳದಲ್ಲಿ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹಾಗೆ ಮಾಡಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಹೆಚ್ಚು ಹೇಳುತ್ತದೆ, ಅಷ್ಟು ಕಳೆದು ಓದಿ.

ಹಾಗೇ ನೆಲವನ್ನೂ ಒಮ್ಮೆ ನೋಡಿ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಮಾರನೇ ದಿನ ನೋಡಿ. ಹಾಳೆಯ ಅಡಿಯಲ್ಲಿ ನೀರು ಕೂತಿದ್ದರೆ ತೇವ ನೆಲದಿಂದ ಮೇಲೆ ಬರುತ್ತಿದೆ, ಹಾಳೆಯ ಮೇಲೆ ಕೂತಿದ್ದರೆ ಗಾಳಿಯಿಂದ. ಗೋಡೆಗೂ ಇದೇ ಪರೀಕ್ಷೆ. ನಮ್ಮ ಕೆಂಪುಕಲ್ಲಿನ ಗೋಡೆಗೆ ಹೊರಗಿನಿಂದ ಗಾರೆ ಇಲ್ಲದಿದ್ದರೆ ಪಶ್ಚಿಮದಿಂದ ಬಡಿಯುವ ಮಳೆಯನ್ನು ಅದು ಕುಡಿದು ಒಳಗೆ ಬಿಡುತ್ತದೆ. ಅಂಥ ಗೋಡೆ ಇಟ್ಟುಕೊಂಡು ಒಳಗೆ ಯಾವ ಯಂತ್ರ ಓಡಿಸಿದರೂ ಕರೆಂಟು ಸುಮ್ನೆ ಹೋಗುತ್ತದೆ. ಹಿಂದೆ ಹಿರಿಯರು ಮಳೆಗೆ ಮೊದಲು ಮಡಲಿನ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ, ಈಗ ತಗಡಿನ ಶೀಟಾದರೂ ಆಯಿತು, ಟಾರ್ಪಾಲಾದರೂ ಆಯಿತು, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಹಾಕಿಬಿಡಿ.

ರೂಮ್ ಹೀಟರ್

ಹೀಟರ್ ಗಾಳಿಯಿಂದ ಒಂದು ಹನಿ ನೀರನ್ನೂ ತೆಗೆಯುವುದಿಲ್ಲ. ಗಾಳಿ ಬಿಸಿಯಾದಾಗ ಅದಕ್ಕೆ ಇನ್ನೂ ಹೆಚ್ಚು ನೀರು ಹಿಡಿಯುವ ಶಕ್ತಿ ಬರುತ್ತದೆ, ಅದರಿಂದ ತೇವಾಂಶದ ಶೇಕಡಾ ಲೆಕ್ಕ ಇಳಿಯುತ್ತದೆ, ಅಷ್ಟೇ. 26 ಡಿಗ್ರಿ 90ರ ಗಾಳಿಯನ್ನು 31 ಡಿಗ್ರಿಗೆ ಏರಿಸಿದರೆ ತೇವಾಂಶ 67ರ ಹತ್ತಿರ ಬರುತ್ತದೆ. 33 ಡಿಗ್ರಿಗೆ ಏರಿಸಿದರೆ 60. ಅಂದರೆ ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಅಷ್ಟು ಬಿಸಿಯನ್ನು ಹಗಲೂ ರಾತ್ರಿ ಹಿಡಿದಿಡಬೇಕು. ಕರೆಂಟು ಹೋದರೆ ಅಥವಾ ನೀವು ಆರಿಸಿದರೆ ಗಾಳಿ ತಣಿಯುತ್ತದೆ, ನೀರು ಅಲ್ಲೇ ಇರುತ್ತದೆ. ಇಷ್ಟು ಹೊತ್ತು ಬಿಸಿಗೆ ಒದ್ದೆ ಗೋಣಿ, ರೈನ್‌ಕೋಟಿನಿಂದ ಎದ್ದ ಆವಿಯೂ ಸೇರಿ ಎಲ್ಲ ತಣ್ಣಗಿನ ಲೋಹದ ಮೇಲೆ ಕೂರುತ್ತದೆ.

ಖರ್ಚು ನೋಡಿ. ಮೇಲೆ ಹೇಳಿದ ಅಳತೆಯ ತಾರಸಿ ಕೋಣೆಯನ್ನು ಹೊರಗಿಂತ 5 ಡಿಗ್ರಿ ಬಿಸಿಯಾಗಿ ಇಡಲು ಎಡೆಬಿಡದೆ ಅರ್ಧ ಕಿಲೋವ್ಯಾಟ್ ಬೇಕು ಅಂದುಕೊಂಡರೂ ದಿನಕ್ಕೆ 12 ಯುನಿಟ್, ತಿಂಗಳಿಗೆ 360. ಯುನಿಟ್ಟಿಗೆ 7 ರೂಪಾಯಿ ಲೆಕ್ಕ ಹಾಕಿದರೆ ತಿಂಗಳಿಗೆ ಎರಡೂವರೆ ಸಾವಿರ. ಗೃಹಜ್ಯೋತಿ ಇರುವ ಮನೆಯಾದರೆ ಇನ್ನೂ ಕಷ್ಟ, ಯಾಕೆಂದರೆ ತಿಂಗಳ ಬಳಕೆ 200 ಯುನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಇಡೀ ಬಿಲ್ಲೇ ನಿಮ್ಮ ತಲೆಯ ಮೇಲೆ. ಮೆಸ್ಕಾಂ ಬಿಲ್ಲಿನಲ್ಲಿ ಈಗ ನಿಮ್ಮ ಬಳಕೆ ಎಷ್ಟಿದೆ ನೋಡಿಕೊಂಡೇ ತೀರ್ಮಾನ ಮಾಡಿ.

ಇನ್ನು ಅಪಾಯದ ಮಾತು, ಇದು ನನಗೆ ದುಡ್ಡಿಗಿಂತ ದೊಡ್ಡದು. ಗ್ಯಾರೇಜಿನಲ್ಲಿ ಬೈಕ್, ಸ್ಕೂಟರ್, ಹುಲ್ಲು ಕತ್ತರಿಸುವ ಮೆಷಿನ್, ಒಂದು ಕ್ಯಾನಿನಲ್ಲಿ ಪೆಟ್ರೋಲ್ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದಾಡುತ್ತದೆ. ಕೆಂಪಗೆ ಕಾದ ಕಾಯಿಲ್ ಇರುವ ಹೀಟರ್ ಕೂರುವುದೂ ನೆಲದ ಮೇಲೆಯೇ. ಹ್ಯಾಲೊಜೆನ್, ಕಾಯಿಲ್, ಫ್ಯಾನ್ ಹೀಟರ್ ಯಾವುದನ್ನೂ ಪೆಟ್ರೋಲ್ ಇರುವ ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಆಯಿಲ್ ತುಂಬಿದ ರೇಡಿಯೇಟರ್ ಹೀಟರಿನಲ್ಲಿ ಕೆಂಪಗೆ ಕಾಯುವ ಕಾಯಿಲ್ ಹೊರಗೆ ಕಾಣುವುದಿಲ್ಲ, ಆದರೆ ಥರ್ಮೋಸ್ಟಾಟ್ ಸ್ವಿಚ್ಚಿನಲ್ಲಿ ಕಿಡಿ ಹುಟ್ಟಬಹುದು, ಅದಕ್ಕೂ ಪೆಟ್ರೋಲ್ ದೂರವೇ ಇರಬೇಕು. ಮತ್ತೆ 2000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಗ್ಯಾರೇಜಿನ ಸಣ್ಣ 6 ಆಂಪಿಯರ್ ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಓಡಿಸಿದರೆ ವಯರ್ ಕರಗುತ್ತದೆ. 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು.

ಗ್ಯಾಸ್ ಹೀಟರ್, ಸೀಮೆಎಣ್ಣೆ ಸ್ಟವ್? ಬೇಡವೇ ಬೇಡ. ಒಂದು ಕೆಜಿ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕೆಜಿ ನೀರು ಆವಿಯಾಗಿ ಹೊರಬರುತ್ತದೆ. ಒಣಗಿಸಲು ಹೋಗಿ ನೀವೇ ಕೋಣೆಗೆ ನೀರು ತುಂಬಿದ ಹಾಗೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ಇನ್ನೂ ಕೆಟ್ಟದ್ದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ಹೋಗುವವರೆಗೆ ಗೊತ್ತಾಗುವುದಿಲ್ಲ. ಹಳೆ ಮನೆಗಳಲ್ಲಿ ಬಚ್ಚಲ ಒಲೆಯ ಪಕ್ಕದ ಕೋಣೆ, ಒಲೆಯ ಮೇಲಿನ ಅಟ್ಟ ಬೆಚ್ಚಗೆ ಒಣಗಿರುತ್ತಿತ್ತು, ನಿಜ. ಅಲ್ಲಿ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ದಿನಾ ಉರಿಯುತ್ತಿತ್ತು. ಶಟರ್ ಎಳೆದ ಗ್ಯಾರೇಜಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಫ್ಯಾನು ಮತ್ತು ಎಕ್ಸಾಸ್ಟ್

ಎಕ್ಸಾಸ್ಟ್ ಫ್ಯಾನ್ ಬಗ್ಗೆ ಜನರಿಗೆ ತುಂಬಾ ನಂಬಿಕೆ. ಅದು ಒಳಗಿನ ಗಾಳಿ ಹೊರಗೆ ಹಾಕಿದಷ್ಟೇ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ. ಜುಲೈಯಲ್ಲಿ ಹೊರಗಿನದು 90ರ ಗಾಳಿ. ಹಾಗಾಗಿ ಒಳಗೆ ಹೊರಗಿಗಿಂತಲೂ ಹೆಚ್ಚು ಒದ್ದೆ ಇದ್ದಾಗ, ಅಂದರೆ ಮಳೆಯಲ್ಲಿ ನೆನೆದ ಗಾಡಿ ಈಗಷ್ಟೇ ತಂದು ನಿಲ್ಲಿಸಿದಾಗ, ಒಂದೆರಡು ಗಂಟೆ ಓಡಿಸಿ ಆರಿಸಿದರೆ ಪ್ರಯೋಜನ ಇದೆ. ಇಡೀ ದಿನ ಓಡಿಸಿದರೆ ಹೊರಗಿನ ತೇವವನ್ನು ನೀವೇ ಕರೆದು ತಂದ ಹಾಗಾಯಿತು. ಅಕ್ಟೋಬರ್ ಕಳೆದ ಮೇಲೆ ಇದೇ ಫ್ಯಾನ್ ತುಂಬಾ ಒಳ್ಳೆಯದು.

ಸೀಲಿಂಗ್ ಫ್ಯಾನ್ ಅಥವಾ ಟೇಬಲ್ ಫ್ಯಾನ್ ತೇವಾಂಶವನ್ನು ಇಳಿಸುವುದಿಲ್ಲ, ಆದರೆ ಗಾಳಿ ಒಂದೇ ಕಡೆ ನಿಲ್ಲದಿದ್ದರೆ ಬೂಷ್ಟು ಅಷ್ಟು ಬೇಗ ಕೂರುವುದಿಲ್ಲ. ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಆದರೆ 30 ವ್ಯಾಟಿನ ಆಸುಪಾಸು. ಹಂಚಿನ ಮಾಡಿನ ಶೆಡ್ಡಿಗೆ ನನ್ನ ಮೊದಲ ಆಯ್ಕೆ ಇದೇ, ಯಾಕೆ ಎಂದು ಮುಂದೆ ಹೇಳುತ್ತೇನೆ.

ಡಿಹ್ಯೂಮಿಡಿಫೈಯರ್

ಇದು ನಿಜವಾಗಿ ನೀರು ತೆಗೆಯುವ ಯಂತ್ರ. ಒಳಗೆ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುತ್ತದೆ, ತಣ್ಣಗಿನ ಕಾಯಿಲಿನ ಮೇಲೆ ಗಾಳಿ ಹಾದು ನೀರು ಇಳಿದು ಟ್ಯಾಂಕಿಗೆ ಬೀಳುತ್ತದೆ, ಒಣಗಿದ ಗಾಳಿ ಸ್ವಲ್ಪ ಬಿಸಿಯಾಗಿ ಹೊರಬರುತ್ತದೆ. ಕಂಪ್ರೆಸರ್ ಯಂತ್ರಗಳು ಚಳಿ ಊರಿನಲ್ಲಿ ಒದ್ದಾಡುತ್ತವೆ, ನಮ್ಮ ಬೆಚ್ಚಗಿನ ತೇವದ ಗಾಳಿ ಅವಕ್ಕೆ ಹೇಳಿ ಮಾಡಿಸಿದ್ದು. ಒಂದು ಯುನಿಟ್ ಕರೆಂಟಿಗೆ ಒಂದೂವರೆಯಿಂದ ಎರಡು ಲೀಟರಿನಷ್ಟು ನೀರು ತೆಗೆಯುತ್ತವೆ. 250–300 ವ್ಯಾಟಿನ ಯಂತ್ರ ದಿನಕ್ಕೆ ಹತ್ತು ಗಂಟೆ ಓಡಿದರೆ ಎರಡೂವರೆ, ಮೂರು ಯುನಿಟ್. ತಿಂಗಳಿಗೆ 80ರ ಹತ್ತಿರ, ಅದೇ 7 ರೂಪಾಯಿ ಲೆಕ್ಕದಲ್ಲಿ 560 ರೂಪಾಯಿ. ಹೀಟರಿನ ಎರಡೂವರೆ ಸಾವಿರದ ಪಕ್ಕ ಇಟ್ಟು ನೋಡಿ. ಯಂತ್ರಕ್ಕೆ ಹದಿನೈದರಿಂದ ಇಪ್ಪತ್ತೈದು ಸಾವಿರ ಆಗುತ್ತದೆ, ಆದರೆ ನಾಲ್ಕು ತಿಂಗಳ ಮಳೆಗಾಲದಲ್ಲಿ ಏಳೆಂಟು ಸಾವಿರ ಉಳಿದರೆ ಎರಡು ಮೂರು ಮಳೆಗಾಲದಲ್ಲಿ ಹೀಟರಿಗೆ ಸಮ ಆಯಿತು.

ಕೊಳ್ಳುವಾಗ ಮೋಸ ಹೋಗುವ ಜಾಗ ಎರಡು. ಡಬ್ಬದ ಮೇಲೆ "ದಿನಕ್ಕೆ 12 ಲೀಟರ್" ಎಂದು ಬರೆದಿರುತ್ತದೆ. ಅದು ಸಾಮಾನ್ಯವಾಗಿ 30 ಡಿಗ್ರಿ, 80ರ ತೇವಾಂಶದಲ್ಲಿ ಅಳೆದದ್ದು. ಕೋಣೆ ಒಣಗುತ್ತಾ 60ಕ್ಕೆ ಬಂದ ಹಾಗೆ ಅದು ತೆಗೆಯುವ ನೀರು ಅರ್ಧದಷ್ಟಕ್ಕೆ ಇಳಿಯುತ್ತದೆ. ಹಾಗಾಗಿ ನಿಮಗೆ ದಿನಕ್ಕೆ 5–6 ಲೀಟರ್ ತೆಗೆಯಬೇಕು ಅನಿಸಿದರೆ 12 ಲೀಟರಿನದ್ದೇ ಬೇಕು, ಶಟರ್ ಸಂದಿ ಮುಚ್ಚಲು ಆಗದಿದ್ದರೆ 20ರದ್ದು. ಎರಡನೆಯದು ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಮುದ್ದಾದ ಸಣ್ಣ ಬಿಳಿ ಡಬ್ಬಿ. ಅದರಲ್ಲಿ ಕಂಪ್ರೆಸರ್ ಇಲ್ಲ, ಕರೆಂಟು ಹರಿದಾಗ ಒಂದು ಬದಿ ತಣ್ಣಗಾಗುವ ಪೆಲ್ಟಿಯರ್ ಎಂಬ ಸಣ್ಣ ಚಿಪ್ ಇರುತ್ತದೆ. ದಿನಕ್ಕೆ ಕಾಲು, ಅರ್ಧ ಲೀಟರ್ ತೆಗೆದರೆ ಹೆಚ್ಚು. ಬಟ್ಟೆಯ ಕಪಾಟಿಗೆ ಆಗಬಹುದು, ಗ್ಯಾರೇಜಿಗೆ ಅದರಿಂದ ಏನೂ ಆಗುವುದಿಲ್ಲ. ವಿವರದಲ್ಲಿ "ಕಂಪ್ರೆಸರ್" ಎಂಬ ಮಾತು ಇದೆಯಾ ಎಂದು ಹುಡುಕಿ, ಇಲ್ಲದಿದ್ದರೆ ಬಿಡಿ.

ಅಂಗಡಿಯಲ್ಲಿ ಇನ್ನೊಂದು ವಿಷಯ ಕೇಳಿ, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ: ಕರೆಂಟು ಹೋಗಿ ಬಂದಾಗ ತಾನಾಗಿ ಮತ್ತೆ ಶುರುವಾಗುತ್ತದಾ? ನಮ್ಮಲ್ಲಿ ಮರ ಬಿದ್ದು, ಗಾಳಿ ಬಂದು ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತದೆ. ಪ್ರತಿ ಸಲ ಹೋಗಿ ಬಟನ್ ಒತ್ತಬೇಕಾದ ಯಂತ್ರ ಗ್ಯಾರೇಜಿಗೆ ಉಪಯೋಗ ಇಲ್ಲ. ಪೈಪ್ ಹಾಕಿ ನೀರನ್ನು ಹೊರಗೆ ಚರಂಡಿಗೆ ಬಿಡುವ ವ್ಯವಸ್ಥೆಯೂ ಇರಬೇಕು, ಟ್ಯಾಂಕ್ ತುಂಬಿದರೆ ಯಂತ್ರ ನಿಂತುಬಿಡುತ್ತದೆ. ಆ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕುವವರಿದ್ದಾರೆ, ಬೇಡ. ಕಾಯಿಲಿನ ಲೋಹ, ಧೂಳು ಎಲ್ಲ ಅದರಲ್ಲಿ ಸೇರಿರುತ್ತದೆ. ಗಿಡಕ್ಕೆ ಹಾಕಿ.

ಈಗ ಹಂಚಿನ ಮಾಡಿನ ಮಾತು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಊರಿನ ಮನೆ, ಶೆಡ್ಡು, ಗೋಡೌನಿನ ಮೇಲೆಲ್ಲ ಮಂಗಳೂರು ಹಂಚೇ ಬಂತು. ಬಿಸಿ ಊರಿಗೆ ಅದು ಎಷ್ಟು ಒಳ್ಳೆಯದು ಅಂದರೆ ಹಂಚಿನ ನಡುವೆ ಗಾಳಿ ಸದಾ ಆಡುತ್ತಿರುತ್ತದೆ. ಡಿಹ್ಯೂಮಿಡಿಫೈಯರಿಗೆ ಅದೇ ಗುಣ ಶತ್ರು. ಹಂಚಿನ ಕೆಳಗೆ ಯಂತ್ರ ಇಟ್ಟರೆ ಅದು ಇಡೀ ಊರಿನ ಗಾಳಿಯನ್ನು ಒಣಗಿಸಲು ಹೊರಟ ಹಾಗೆ, ಟ್ಯಾಂಕ್ ತುಂಬುತ್ತಲೇ ಇರುತ್ತದೆ, ಮೀಟರ್ ಮಾತ್ರ 85ರಿಂದ ಇಳಿಯುವುದಿಲ್ಲ. ಮೂರು ಬದಿ ಗೋಡೆ, ಮುಂದೆ ಗ್ರಿಲ್ ಇರುವ ಕಾರ್ ಪೋರ್ಚಿಗೂ ಇದೇ ಉತ್ತರ. ಅಂಥ ಕಡೆ ಕೋಣೆ ಒಣಗಿಸುವ ಆಸೆ ಬಿಡಿ, ಸಾಮಾನು ಉಳಿಸುವ ದಾರಿ ನೋಡಿ.

ಕಪಾಟು ಮತ್ತು ಬಲ್ಬು

ಆ ದಾರಿ ಅಗ್ಗದ್ದು, ಮತ್ತು ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಡೀ ಗ್ಯಾರೇಜಿನಲ್ಲಿ ನಿಜವಾಗಿ ಒಣಗಿರಬೇಕಾದ್ದು ಎಷ್ಟು? ಡ್ರಿಲ್ ಮೆಷಿನ್, ಸ್ಪ್ಯಾನರ್ ಸೆಟ್ಟು, ವೆಲ್ಡಿಂಗ್ ರಾಡಿನ ಪ್ಯಾಕೆಟ್, ಹೆಲ್ಮೆಟ್, ಚರ್ಮದ ಸಾಮಾನು. ಎಲ್ಲ ಒಂದು ಕಪಾಟಿನಲ್ಲಿ ಹಿಡಿಯುತ್ತದೆ. ಅದರ ಕೆಳಗಿನ ಅಂಕಣದಲ್ಲಿ ಒಂದು ತಂತಿಯ ಬಲ್ಬು ಉರಿಸಿ. ಎರಡು ಅಡಿಯ ಸಣ್ಣ ಪೆಟ್ಟಿಗೆಗೆ 15 ವ್ಯಾಟಿನ ಜೀರೋ ಬಲ್ಬೇ ನಾಲ್ಕು ಡಿಗ್ರಿ ಬಿಸಿ ಕೊಡುತ್ತದೆ, ದಿನಪೂರ್ತಿ ಉರಿದರೂ ತಿಂಗಳಿಗೆ 11 ಯುನಿಟ್. ಆಳೆತ್ತರದ ಕಪಾಟಾದರೆ 40 ವ್ಯಾಟ್ ಬೇಕು, ದಿನಕ್ಕೆ ಒಂದು ಯುನಿಟ್. ಈಗ ಅಂಗಡಿಯಲ್ಲಿ ಜೀರೋ ಬಲ್ಬ್ ಕೇಳಿದರೆ ಎಲ್‌ಇಡಿ ಕೊಡುತ್ತಾರೆ, ಅದು ಬಿಸಿಯಾಗುವುದಿಲ್ಲ, ನಮ್ಮ ಕೆಲಸಕ್ಕೆ ಬಾರದು. ಒಳಗೆ ತಂತಿ ಇರುವ ಹಳೆ ಬಲ್ಬೇ ಬೇಕು ಎಂದು ಹೇಳಿ. ಸುತ್ತ ಜಾಲರಿ ಹಾಕಿ, ಬಟ್ಟೆ, ಪ್ಲಾಸ್ಟಿಕ್ ತಾಗದ ಹಾಗೆ ಇಡಿ, ಪೆಟ್ರೋಲ್, ತಿನ್ನರ್ ಆ ಕಪಾಟಿನಲ್ಲಿ ಬೇಡ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಬಿಸಿ ಮಾಡುವ ದಾರಿಗೆ ಕಪಾಟಿನಲ್ಲಿ ಸಣ್ಣ ಸಂದಿ ಇದ್ದರೂ ನಡೆಯುತ್ತದೆ, ಒಳಗೆ ಬಂದ ಗಾಳಿಯೂ ಬಿಸಿಯಾಗಿ ಒಣಗಿದಂತಾಗುತ್ತದೆ. ನೀರು ಹೀರುವ ದಾರಿಗೆ ಮಾತ್ರ ಗಟ್ಟಿ ಮುಚ್ಚಳ ಬೇಕೇ ಬೇಕು. ಸಿಲಿಕಾ ಜೆಲ್ ಹಾಕುವುದಾದರೆ ರಬ್ಬರ್ ಇರುವ ಗಾಳಿಯಾಡದ ಡಬ್ಬಿಯಲ್ಲೇ ಹಾಕಿ. ಅದು ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹೀರುತ್ತದೆ, ಆಮೇಲೆ 110–120 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್ನಿಗೆ ಅದನ್ನು ಹಾಕಬೇಡಿ. ಬಿಳಿ ಹರಳು ತುಂಬಿದ, ಕೆಳಗೆ ನೀರು ತುಂಬುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಚೆನ್ನಾಗಿ ಹೀರುತ್ತದೆ, ಆದರೆ ಕೆಳಗೆ ಕೂಡುವ ನೀರು ಉಪ್ಪಿನ ನೀರು. ಮಗುಚಿ ಬಿದ್ದರೆ ಸ್ಪ್ಯಾನರ್ ಸೆಟ್ಟಿನ ಕತೆ ಮುಗಿಯಿತು. ಉಪಕರಣಗಳ ಜೊತೆ ಅದನ್ನು ಇಡಲೇಬೇಡಿ.

ಹಾರೆ, ಪಿಕ್ಕಾಸು, ಕತ್ತಿಗಳಿಗೆ ಇದ್ಯಾವುದೂ ಬೇಡ. ಮಣ್ಣು ತೊಳೆದು ಒರೆಸಿ ತೆಳುವಾಗಿ ಮೆಷಿನ್ ಆಯಿಲ್ ಅಥವಾ ಗ್ರೀಸ್ ಹಚ್ಚಿದರೆ ಆಯಿತು. ಬೈಕಿಗೂ ಹಾಗೇ. ಒರೆಸಿ, ಚೈನಿಗೆ ಆಯಿಲ್ ಹಾಕಿ, ಬಟ್ಟೆಯ ಹೊದಿಕೆ ಹಾಕಿ. ಪ್ಲಾಸ್ಟಿಕ್ ಕವರ್ ನೆಲದಿಂದ ಏರುವ ತೇವವನ್ನು ಒಳಗೇ ಹಿಡಿದಿಟ್ಟು ತುಕ್ಕು ಬೇಗ ಬರಿಸುತ್ತದೆ.

ಹಾಗಾದರೆ ನೀವು ಏನು ಕೊಳ್ಳಬೇಕು

ತಾರಸಿ ಇದ್ದು, ಬಾಗಿಲು ಸರಿಯಾಗಿ ಮುಚ್ಚುವ ಕೋಣೆಯಾಗಿದ್ದು, ಒಳಗೆ ಬೆಲೆಬಾಳುವ ಮೆಷಿನ್, ಮರದ ಕೆಲಸದ ಸಾಮಾನು, ಹಳೆ ಪುಸ್ತಕ ಇಂಥದ್ದಿದ್ದರೆ ಕಂಪ್ರೆಸರ್ ಡಿಹ್ಯೂಮಿಡಿಫೈಯರ್ ತನ್ನಿ, 55–60ಕ್ಕೆ ಇಡಿ. ಆದರೆ ಕೋಣೆ ಗಟ್ಟಿ ಮುಚ್ಚುವ ಮೊದಲು ಪೆಟ್ರೋಲ್ ಕ್ಯಾನ್, ಗ್ಯಾಸ್ ಸಿಲಿಂಡರ್, ನೀರು ಹಾಕುವ ಇನ್ವರ್ಟರ್ ಬ್ಯಾಟರಿ ಹೊರಗೆ ಹೋಗಬೇಕು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಗಾಳಿ ಬೇಕು. ಗಾಡಿ ಅದೇ ಕೋಣೆಯಲ್ಲಿ ನಿಲ್ಲಿಸುವುದಾದರೆ ನಾನು ಯಂತ್ರದ ಕಡೆ ಹೋಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಆವಿಗೂ ಹೊರದಾರಿ ಬೇಕು, ನೆನೆದ ಗಾಡಿ ದಿನಾ ತರುವ ನೀರನ್ನು ತೆಗೆಯುವುದೂ ಮುಗಿಯದ ಕೆಲಸ. ಆಗ ಫ್ಯಾನು ಮತ್ತು ಬಲ್ಬಿನ ಕಪಾಟು. ಹಂಚಿನ ಶೆಡ್ಡು, ಗ್ರಿಲ್ಲಿನ ಪೋರ್ಚಿಗೂ ಅದೇ.

ರೂಮ್ ಹೀಟರ್ ನನ್ನ ಪ್ರಕಾರ ಒಂದೇ ಸಂದರ್ಭಕ್ಕೆ ಸರಿ. ಪೆಟ್ರೋಲ್ ಇಲ್ಲದ ಕೋಣೆಯಲ್ಲಿ ನೀವೇ ನಿಂತು ಕೆಲಸ ಮಾಡುವಾಗ, ಬಣ್ಣ ಬಳಿಯುವ ಮೊದಲು ಮರ ಅಥವಾ ಗೋಡೆ ಒಣಗಿಸಲು ಒಂದೆರಡು ಗಂಟೆ, ಕಿಟಕಿ ಸ್ವಲ್ಪ ತೆರೆದಿಟ್ಟು. ಆ ಕೆಲಸಕ್ಕೂ ಹೊಸದು ಕೊಳ್ಳಬೇಕೆಂದಿಲ್ಲ, ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ.

ಯಾವುದನ್ನೇ ಕೊಂಡರೂ ಗ್ಯಾರೇಜಿನ ಲೈನಿಗೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ವಿಚ್ಚು ಹಾಕುವ ಜಾಗ ಅದು. ಮೇ ತಿಂಗಳ ಕೊನೆಯಲ್ಲಿ ಎಲೆಕ್ಟ್ರಿಷಿಯನ್ ಯಾರೂ ಕೈಗೆ ಸಿಗುವುದಿಲ್ಲ, ಹಾಗಾಗಿ ಏಪ್ರಿಲ್‌ನಲ್ಲೇ ಹೇಳಿ ಇಡಿ.